ಶಿಗ್ಗಾಂವ: ಆಳುವವರಿಗಾಗಿ ಒಂದು ಪ್ರಾರ್ಥನೆ

ಹುಬ್ಬಳ್ಳಿ ಬಿಟ್ಟು ಬೆಂಗಳೂರಿನ ಕಡೆ ಹೊರಟರೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೆಚ್ಚುಕಡಿಮೆ ಒಂದು ಗಂಟೆಗೆ ಶಿಗ್ಗಾಂವ ಸಿಗುತ್ತದೆ. ನಮ್ಮಲ್ಲಿ ಬಹಳಷ್ಟು ಜನರಿಗೆ ಇದು ಹೆದ್ದಾರಿಯ ಒಂದು ಹಸಿರು ಬೋರ್ಡು ಅಷ್ಟೇ. ಶುಕ್ರವಾರ ರಾತ್ರಿ ಸ್ಲೀಪರ್ ಬಸ್ ಹತ್ತಿ ಊರಿಗೆ ಹೋಗುವವರು, ಭಾನುವಾರ ರಾತ್ರಿ ವಾಪಸ್ ಬರುವವರು, ಎರಡು ಸಲವೂ ನಿದ್ದೆಯಲ್ಲೇ ಇದನ್ನು ದಾಟಿಬಿಡುತ್ತೇವೆ.

ಹಗಲು ಹೊತ್ತಿನಲ್ಲಿ ಹೋದರೆ ಬೇರೆಯೇ ಕಾಣುತ್ತದೆ. ಊರಿಗೆ ಮೊದಲೇ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್, ಅಲ್ಲೇ ಜಾನಪದ ವಿಶ್ವವಿದ್ಯಾಲಯ. ರಸ್ತೆಯ ಎರಡೂ ಬದಿ ಗೋವಿನಜೋಳ, ಹತ್ತಿ. ಊರು ದಾಟಿ ಮುಂದೆ ಹೋದರೆ ಬಂಕಾಪುರ: ಕೋಟೆ, ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿ, ಸುತ್ತಲಿನ ಕುರುಚಲು ಕಾಡಿನಲ್ಲಿ ನವಿಲುಗಳು. ರಾಷ್ಟ್ರಕೂಟರ ಕಾಲದಲ್ಲಿ ಜೈನರ ಉತ್ತರಪುರಾಣಕ್ಕೆ ಪೂಜೆ ನಡೆದದ್ದು ಇದೇ ಬಂಕಾಪುರದಲ್ಲಿ.

ಶಿಗ್ಗಾಂವ ತಾಲ್ಲೂಕಿಗೆ ಇನ್ನೂ ಎರಡು ದೊಡ್ಡ ಹೆಸರುಗಳಿವೆ. ಬಾಡ ಗ್ರಾಮ ಕನಕದಾಸರ ಹುಟ್ಟೂರು. ಶಿಶುನಾಳ ಷರೀಫರದು. ಒಬ್ಬರು ಕತ್ತಿ ಕೆಳಗಿಟ್ಟು ತಂಬೂರಿ ಹಿಡಿದವರು. ಇನ್ನೊಬ್ಬರು ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಬ್ರಾಹ್ಮಣ ಗೋವಿಂದ ಭಟ್ಟರನ್ನು ಗುರು ಅಂದವರು. ಷರೀಫರ ಗದ್ದುಗೆಗೆ ಇವತ್ತಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ದೇವರ ಹತ್ತಿರ ಮಾತಾಡುತ್ತಲೇ ಜಗತ್ತಿನ ತಪ್ಪನ್ನೂ ಹೇಳಿಬಿಡುವ ಪದ್ಧತಿ ಈ ಮಣ್ಣಿನಲ್ಲಿ ಹೊಸದಲ್ಲ.

ಈ ಊರಿನ ಇನ್ನೊಂದು ಪ್ರಾರ್ಥನೆಯ ಬಗ್ಗೆ ಯಾರೂ ಅಷ್ಟಾಗಿ ಬರೆದಿಲ್ಲ. ಅದನ್ನು ಹೇಳಬೇಕು ಅನ್ನಿಸಿತು.

ಧಾರವಾಡಕ್ಕೆ ಬಂದ ಪಾದ್ರಿಗಳು

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ ಗದಗ-ಬೆಟಗೇರಿ. ಅವರು ಧಾರವಾಡಕ್ಕೆ ಬಂದಾಗ ಷರೀಫರಿಗೆ ಹದಿನೆಂಟು ವರ್ಷ. ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟೆಲ್ ಕೂಡ ಇದೇ ಧಾರವಾಡ-ಹುಬ್ಬಳ್ಳಿ ಭಾಗದಲ್ಲಿ ಓಡಾಡಿ ಕನ್ನಡ ಕಲಿತವರು.

ಇಲ್ಲಿಯ ಕ್ರೈಸ್ತರ ದೇವರು ಹೀಗೆ ಶುರುವಿನಿಂದಲೂ ಕನ್ನಡ ಮಾತಾಡಿದ್ದಾನೆ. ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನೇ ನೋಡಿ. ಸಭಾಪಾಲಕರಾಗಿದ್ದುಕೊಂಡೇ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಒಟ್ಟುಗೂಡಿಸಿದರು. 1924ರಲ್ಲಿ ಅವು ಅಚ್ಚಾದವು. ಹಿರೇಕೆರೂರು ಸೀಮೆಯ ಸರ್ವಜ್ಞ ಇವತ್ತು ನಮ್ಮ ವಾಟ್ಸಾಪ್ ಸ್ಟೇಟಸ್‌ಗೆ ಬಂದು ಕೂತಿದ್ದಾನೆ ಅಂದರೆ ಅದರಲ್ಲಿ ಈ ಪಾದ್ರಿಯ ಶ್ರಮ ದೊಡ್ಡದು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ರಾಜಕೀಯದ ಬಿರುಗಾಳಿ ಈ ಸಭೆಗಳಿಗೆ ಮೊದಲ ಸಲ ತಟ್ಟಿದ್ದು ಒಂದನೇ ಮಹಾಯುದ್ಧದಲ್ಲಿ. ಜರ್ಮನಿಯಿಂದ ಬಂದಿದ್ದ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ರಾತ್ರೋರಾತ್ರಿ ಶತ್ರುಗಳಾದರು. ಅವರನ್ನು ಹಿಡಿದು ಶಿಬಿರಗಳಲ್ಲಿ ಇಟ್ಟರು. ಹೆಂಚಿನ ಕಾರ್ಖಾನೆಗಳು ಕೈ ಬದಲಾದವು. ಸಭೆ ನಡೆಸುವ ಭಾರ ಊರವರ ಹೆಗಲಿಗೇ ಬಿತ್ತು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ಹಾವೇರಿ ಜಿಲ್ಲೆಯಲ್ಲಿ ಆ ಪ್ರಮಾಣ ಇನ್ನೂ ಕಡಿಮೆ. ಶಿಗ್ಗಾಂವದಂಥ ಕಡೆ ಬೆರಳೆಣಿಕೆಯ ಮನೆಗಳು. ವಾರದ ಕೂಟ ಯಾರದೋ ಮನೆಯ ಪಡಸಾಲೆಯಲ್ಲಿ ನಡೆಯುತ್ತದೆ.

2021ರ ಡಿಸೆಂಬರ್

2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದರು. 2008ರಿಂದ ಶಿಗ್ಗಾಂವಿನ ಶಾಸಕರು. ಊರಿಗೆ ಸಂಭ್ರಮ, ಬ್ಯಾನರ್, ಪಟಾಕಿ. ನಮ್ಮ ಶಾಸಕರು ಸಿಎಂ ಆದರು ಅನ್ನುವ ಖುಷಿಗೆ ಜಾತಿ-ಧರ್ಮ ಇರಲಿಲ್ಲ.

ಅದೇ ವರ್ಷ ಅಕ್ಟೋಬರ್ 17, ಭಾನುವಾರ. ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ ಒಂದು ಪ್ರಾರ್ಥನಾ ಮಂದಿರ. ಬಲವಂತದ ಮತಾಂತರ ನಡೆದಿದೆ ಎಂದು ಆರೋಪಿಸಿ ಹಿಂದೂ ಸಂಘಟನೆಯ ಕಾರ್ಯಕರ್ತರು ಒಳಗೆ ಬಂದು ಕೂತು ಭಜನೆ ಹಾಡಿದರು. ಪಾದ್ರಿಯೊಬ್ಬರ ಬಂಧನವಾಯಿತು. ಒಂದು ಪ್ರಾರ್ಥನೆಯನ್ನು ಇನ್ನೊಂದು ಪ್ರಾರ್ಥನೆಯಿಂದಲೇ ನಿಲ್ಲಿಸಿದ ಆ ವಿಡಿಯೊ ಎಲ್ಲರ ಫೋನಿಗೂ ಬಂತು.

ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಪ್ಪಿತಸ್ಥರಿಗೆ 3ರಿಂದ 5 ವರ್ಷ ಜೈಲು, 25 ಸಾವಿರ ರೂಪಾಯಿ ದಂಡ. ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಾದರೆ 10 ವರ್ಷದವರೆಗೆ ಶಿಕ್ಷೆ. ಮೋಸ, ಒತ್ತಾಯ, ಆಮಿಷದ ಮತಾಂತರ ತಡೆಯಲು ಇದು ಬೇಕು ಎಂದು ಸರ್ಕಾರ ಹೇಳಿತು. ಯಾರು ಬೇಕಾದರೂ ದೂರು ಕೊಟ್ಟು ನಮ್ಮ ಪ್ರಾರ್ಥನೆಯನ್ನೇ ಅಪರಾಧ ಮಾಡಬಹುದು ಎಂದು ಕ್ರೈಸ್ತರು ಹೇಳಿದರು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಬಹಿರಂಗವಾಗಿ ವಿರೋಧಿಸಿದರು. ರಾಜಧಾನಿಯಲ್ಲಿ ಪ್ರತಿಭಟನೆಗಳು ನಡೆದವು.

ಇದರಲ್ಲಿ ಒಂದು ವಿಚಿತ್ರ ತಿರುವೂ ಇದೆ. ಬಸವರಾಜ ಬೊಮ್ಮಾಯಿಯವರ ತಂದೆ ಎಸ್.ಆರ್. ಬೊಮ್ಮಾಯಿ. 1989ರಲ್ಲಿ ಅವರ ಸರ್ಕಾರವನ್ನು ಕೇಂದ್ರ ವಜಾ ಮಾಡಿದಾಗ ಕೋರ್ಟಿಗೆ ಹೋದವರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಪ್ರಕರಣದಲ್ಲೇ ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂದು ಹೇಳಿತು. ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಬೊಮ್ಮಾಯಿ ಅಂದರೆ ಆ ತೀರ್ಪು.

ಬಾಗಿಲು ಹಾಕಬೇಕೋ ಬೇಡವೋ

ಅದೇ ಡಿಸೆಂಬರಿನಲ್ಲಿ ನಾನು ಶಿಗ್ಗಾಂವದಲ್ಲಿ ಒಂದು ರಾತ್ರಿ ಉಳಿದಿದ್ದೆ. ಬೆಂಗಳೂರಿನ ನನ್ನ ರೂಮ್‌ಮೇಟ್ ಊರು ಅದು. ಅವನ ಸೋದರತ್ತೆ ನಿವೃತ್ತ ಶಿಕ್ಷಕಿ. ಸಂಜೆ ಅವರ ಮನೆಯಲ್ಲಿ ಕೂಟ. ಜಮಖಾನ ಹಾಸಿ ಆರೇಳು ಜನ ಕೂತಿದ್ದರು. ನಾನು ಆ ಧರ್ಮದವನಲ್ಲ. 'ಬರ್ರಿ, ಕೂಡ್ರಿ, ಚಾ ಆಮ್ಯಾಲೆ' ಅಂದರು ಅತ್ತೆ. ಕೂತೆ.

ಶುರುವಾಗುವ ಮೊದಲು ನನ್ನ ಗೆಳೆಯ ಎದ್ದು ತಲಬಾಗಿಲು ಹಾಕಲು ಹೋದ. ಇಪ್ಪತ್ತು ವರ್ಷದಿಂದ ಆ ಬಾಗಿಲು ಕೂಟದ ಹೊತ್ತಿಗೆ ತೆಗೆದೇ ಇರುತ್ತಿತ್ತಂತೆ.

'ಯಾಕಪಾ ಹಾಕ್ತಿ?' ಅಂದರು ಅತ್ತೆ.

'ಹುಬ್ಬಳ್ಳಿಯೊಳಗ ಆಗಿದ್ದು ನೋಡಿಲ್ಲೇನ್ ಅತ್ತಿ? ಯಾರರೆ ವಿಡಿಯೊ ಮಾಡಿದ್ರ?'

'ಹಾಕಿದ್ರ ಒಳಗ ಏನೋ ನಡದೈತಿ ಅಂತಾರ. ತೆಗಿ. ಓಣ್ಯಾನವರು ಕೇಳಲಿ, ನಾವೇನ್ ಬೇಡ್ಕೊಳ್ತೀವಿ ಅಂತ.'

ಬಾಗಿಲು ತೆರೆದೇ ಉಳಿಯಿತು. ಒಂದು ಹಾಡು, ಬೈಬಲ್ಲಿನ ಒಂದು ಭಾಗ, ಆಮೇಲೆ ಅತ್ತೆಯ ಪ್ರಾರ್ಥನೆ. ನವೆಂಬರಿನ ಅಕಾಲ ಮಳೆಗೆ ಬೆಳೆ ಹೋದ ರೈತರಿಗಾಗಿ. ಮತ್ತೆ ಸುದ್ದಿಯಲ್ಲಿದ್ದ ಕೊರೊನಾಗಾಗಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಪಕ್ಕದ ಮನೆಯ ಹುಡುಗಿಗಾಗಿ. ಆಮೇಲೆ ಒಂದು ಕ್ಷಣ ತಡೆದು, ದೇಶವನ್ನು ಆಳುವವರಿಗಾಗಿ, 'ನಮ್ಮ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿಯವರಿಗಾಗಿ.'

ಚಹಾ ಕುಡಿಯುವಾಗ ಗೆಳೆಯ ಸುಮ್ಮನಿರಲಿಲ್ಲ. 'ಅವರು ನಮ್ಮ ಮ್ಯಾಲೆ ಕಾನೂನು ತರೂದು, ನೀವು ಅವರ ಸಲುವಾಗಿ ಪ್ರಾರ್ಥನಾ ಮಾಡೂದು. ಹೆಂಗಿದು?'

'ಪ್ರಾರ್ಥನಾ ಮಾಡೂದು ಅಂದ್ರ ಹೂಂ ಅನ್ನೂದಲ್ಲಪಾ. ಆರೋಗ್ಯ ಕೊಡು ಅಂತನೂ ಬೇಡ್ಕೊಂಡೆ, ಎಲ್ಲಾರಿಗೂ ನ್ಯಾಯ ಮಾಡೂ ಬುದ್ಧಿ ಕೊಡು ಅಂತನೂ ಬೇಡ್ಕೊಂಡೆ. ಓಟು ನನ್ನ ಕೈಯಾಗೈತಿ, ಅದು ಬ್ಯಾರೆ.'

ಅವನು ಹುಬ್ಬಳ್ಳಿಯಿಂದ ತಂದಿದ್ದ ಮನವಿ ಪತ್ರ ಚಾಚಿದ. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದು ಕಾಗುಣಿತದ ತಪ್ಪು ತಿದ್ದಿ, ಸಹಿ ಮಾಡಿದರು.

ಇಷ್ಟವಿಲ್ಲದ ಅರಸನಿಗೂ

ಬೆಂಗಳೂರಿಗೆ ಬಂದಮೇಲೆ ಇದರ ಬಗ್ಗೆ ಓದಿದೆ. ಅತ್ತೆ ಮಾಡಿದ್ದು ಅವರೊಬ್ಬರ ದೊಡ್ಡತನ ಮಾತ್ರ ಅಲ್ಲ, ಬಹಳ ಹಳೆಯ ಪದ್ಧತಿ. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಅರಸರಿಗೂ ಅಧಿಕಾರಿಗಳಿಗೂ ಪ್ರಾರ್ಥಿಸಿ ಎಂಬ ಮಾತಿದೆ. ಆಗ ಆಳುತ್ತಿದ್ದದ್ದು ರೋಮ್, ಅಲ್ಲಿನ ಚಕ್ರವರ್ತಿ ಇವರ ದೇವರನ್ನು ಒಪ್ಪಿದವನಲ್ಲ. ಅದಕ್ಕೂ ಹಿಂದೆ, ಕ್ರಿ.ಪೂ. 6ನೇ ಶತಮಾನದಲ್ಲಿ, ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದದ್ದೂ ಇದೇ: ನೀವಿರುವ ಊರಿಗೆ ಒಳ್ಳೆಯದನ್ನೇ ಕೋರಿ. ಅವರ ಮಟ್ಟಿಗೆ ಅದು ಶತ್ರುವಿನ ಊರು.

ಹಾಗಂತ ಇಂಥ ಪ್ರಾರ್ಥನೆ ಯಾವಾಗಲೂ ಮೆತ್ತಗಿನದಲ್ಲ. 1986ರ ಫೆಬ್ರವರಿಯಲ್ಲಿ ಫಿಲಿಪೀನ್ಸ್‌ನ ಮನಿಲಾದಲ್ಲಿ ಸನ್ಯಾಸಿನಿಯರು ಜಪಮಾಲೆ ಹಿಡಿದು ಟ್ಯಾಂಕುಗಳ ಮುಂದೆ ಮಂಡಿಯೂರಿದರು. ಸರ್ವಾಧಿಕಾರಿ ಮಾರ್ಕೋಸ್ ದೇಶ ಬಿಟ್ಟರು. ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೇಂಟ್ ನಿಕೋಲಸ್ ಚರ್ಚಿನ ಸೋಮವಾರದ ಶಾಂತಿ ಪ್ರಾರ್ಥನೆ 1982ರಿಂದ ನಡೆಯುತ್ತಿತ್ತು. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿದ ಮೇಲೆ ಸುಮಾರು 70 ಸಾವಿರ ಜನ ಬೀದಿಗೆ ಬಂದರು. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ಬಿತ್ತು.

ನಮ್ಮಲ್ಲೂ ಇದೆ. 2018ರ ಮೇ ತಿಂಗಳಲ್ಲಿ ದೆಹಲಿಯ ಆರ್ಚ್‌ಬಿಷಪ್ ಅನಿಲ್ ಕುಟೊ ದೇಶಕ್ಕಾಗಿ ಪ್ರಾರ್ಥಿಸಿ, ಶುಕ್ರವಾರ ಉಪವಾಸ ಮಾಡಿ ಎಂದು ತಮ್ಮ ಸಭೆಗಳಿಗೆ ಪತ್ರ ಬರೆದರು. ಚುನಾವಣೆಗೆ ಒಂದು ವರ್ಷ ಇತ್ತು. ಪತ್ರದಲ್ಲಿ ರಾಜಕೀಯ ವಾತಾವರಣದ ಪ್ರಸ್ತಾಪ ಇದ್ದದ್ದಕ್ಕೆ ಟಿವಿಯಲ್ಲಿ ಭಾರೀ ಜಗಳ ನಡೆಯಿತು. 2024ರ ಮಾರ್ಚ್ 22ರ ಶುಕ್ರವಾರವನ್ನು ಕ್ಯಾಥೊಲಿಕ್ ಬಿಷಪರ ಸಮ್ಮೇಳನ ದೇಶಕ್ಕಾಗಿ ಪ್ರಾರ್ಥನೆ-ಉಪವಾಸದ ದಿನ ಎಂದು ಘೋಷಿಸಿತು. ಆ ತೀರ್ಮಾನ ಬಂದದ್ದು ಬೆಂಗಳೂರಿನಲ್ಲಿ ನಡೆದ ಸಭೆಯಿಂದಲೇ.

ನನ್ನ ಗೆಳೆಯನ ಸಿಟ್ಟಿನಲ್ಲೂ ನ್ಯಾಯ ಇತ್ತು. 'ದೇವರು ನೋಡ್ಕೋತಾನ' ಅಂತ ಕೈಮುಗಿದು ಮನೆಯಲ್ಲಿ ಕೂತರೆ ಪ್ರಾರ್ಥನೆ ಹೇಡಿತನಕ್ಕೆ ಹೊದಿಕೆಯಾಗುತ್ತದೆ. ಹಾಗೆ ಕೂತವರೂ ಇದ್ದಾರೆ. ಇನ್ನು ಕೆಲವರಿಗೆ ಪ್ರಾರ್ಥನೆ ಅಂದರೆ ತಮ್ಮ ಪಕ್ಷ ಗೆಲ್ಲಲಿ ಅನ್ನುವ ಅರ್ಜಿ. ಇವೆರಡರಿಂದಲೂ ಅತ್ತೆಯ ಪ್ರಾರ್ಥನೆಯನ್ನು ದೂರ ಇಟ್ಟದ್ದು ಆ ಸಹಿ ಮತ್ತು ತೆರೆದ ಬಾಗಿಲು. ಬೇಡಿಕೊಂಡವರು ಬೀದಿಗೂ ಬಂದರು, ಕೋರ್ಟಿಗೂ ಹೋದರು. ಜೊತೆಗೆ, ವಾರವಾರವೂ ಹೆಸರು ಹಿಡಿದು ಯಾರಿಗೋ ಒಳ್ಳೆಯದನ್ನು ಕೋರುತ್ತಿದ್ದರೆ ಅವರನ್ನು ಪೂರ್ತಿ ದ್ವೇಷಿಸುವುದು ಕಷ್ಟ. ಎದುರಾಳಿಯನ್ನು ಎದುರಿಸಬೇಕು, ಆದರೆ ಅವರು ಮನುಷ್ಯರು ಅನ್ನುವುದು ಮರೆಯಬಾರದು. ಟ್ರೋಲ್ ಪೇಜುಗಳ ನಮ್ಮ ಕಾಲದಲ್ಲಿ ಇದು ಸಣ್ಣ ಶಿಸ್ತೇನಲ್ಲ.

ಆಮೇಲೆ

ಕಾನೂನು 2022ರ ಮೇನಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು. ಸೆಪ್ಟೆಂಬರಿನಲ್ಲಿ ಎರಡೂ ಸದನ ದಾಟಿತು. 2023ರ ಮೇನಲ್ಲಿ ಸರ್ಕಾರ ಬದಲಾಯಿತು, ಆದರೆ ಶಿಗ್ಗಾಂವ ಬೊಮ್ಮಾಯಿಯವರನ್ನೇ ಗೆಲ್ಲಿಸಿತು. ಜೂನ್ 15ರಂದು ಹೊಸ ಸಂಪುಟ ಆ ಕಾನೂನನ್ನು ಹಿಂಪಡೆಯಲು ತೀರ್ಮಾನಿಸಿತು. 2024ರಲ್ಲಿ ಬೊಮ್ಮಾಯಿ ಹಾವೇರಿಯ ಸಂಸದರಾದರು. ನವೆಂಬರಿನ ಉಪಚುನಾವಣೆಯಲ್ಲಿ ಅವರ ಮಗ ಭರತ್ ಬೊಮ್ಮಾಯಿ ಸೋತು, ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. ಪಡಸಾಲೆಯ ಆ ಪ್ರಾರ್ಥನೆಯಲ್ಲಿ ಈಗ ಹೆಸರುಗಳು ಬದಲಾಗಿವೆ, ಸಾಲು ಅದೇ ಇದೆ ಎಂದು ಗೆಳೆಯ ಹೇಳುತ್ತಾನೆ.

ನೀವು ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿಬನ್ನಿ. ಹುಬ್ಬಳ್ಳಿಯಿಂದ ಹಾವೇರಿ ಕಡೆಯ ಸಾರಿಗೆ ಬಸ್ ಹತ್ತಿದರೆ ಸಾಕು. ಬೆಳಿಗ್ಗೆ ಬಂಕಾಪುರದ ಗುಡಿ ಮತ್ತು ನವಿಲು, ಆಮೇಲೆ ಬಾಡದ ಕನಕನ ಅರಮನೆ, ಬಿಸಿಲು ಇಳಿದ ಮೇಲೆ ಶಿಶುನಾಳ. ಸವಣೂರಿಗೆ ಹೋದರೆ ಖಾರಾ ಕಟ್ಟಿಸಿಕೊಳ್ಳುವುದನ್ನು ಮರೆಯಬೇಡಿ. ಸಂಜೆ ಶಿಗ್ಗಾಂವಿನ ಯಾವುದಾದರೂ ಓಣಿಯಲ್ಲಿ ತೆರೆದ ಬಾಗಿಲಿನಿಂದ ಕನ್ನಡದ ಹಾಡು ಕೇಳಿದರೆ ಒಂದು ನಿಮಿಷ ನಿಲ್ಲಿ. ಅವರು ಬೇಡಿಕೊಳ್ಳುವ ದೇಶದಲ್ಲಿ ನೀವೂ ಇದ್ದೀರಿ.