ಬಿಸಿಲೂ ತಲೆನೋವೂ

ಖರಾಡಿಯಲ್ಲಿ ಬಿಸಿಲಿಗೆ ಬರವೆಂದರೆ ಯಾರೂ ನಗುತ್ತಾರೆ. ಆದರೂ ನಮ್ಮ ಮನೆಯಾಕೆಯ ರಕ್ತಪರೀಕ್ಷೆಯಲ್ಲಿ ‘ಡಿ’ ಜೀವಸತ್ವ ಮಿಲಿಲೀಟರಿಗೆ 11 ನ್ಯಾನೋಗ್ರಾಂ ಎಂದು ಬಂದಿತು. 20ಕ್ಕಿಂತ ಕೆಳಗಿದ್ದರೆ ಕೊರತೆಯೆಂದು ವೈದ್ಯರ ಲೆಕ್ಕ. ಆಕೆಯದು ಎಷ್ಟೋ ವರುಷಗಳ ಅರೆತಲೆನೋವು. ಅಂತೂ ಕಾರಣ ಸಿಕ್ಕಿತೆಂದು ನಾವು ಹಿಗ್ಗಿದೆವು.

1997ರಲ್ಲಿ ಪುಣೆಯ ಮಹಾನಗರಪಾಲಿಕೆಗೆ ಸೇರುವ ಮುನ್ನ ಖರಾಡಿ ಮುಳಾ-ಮುಠಾ ದಂಡೆಯ ಹಳ್ಳಿ. ಹೊಲದಲ್ಲಿ ದುಡಿದವರ ಮೈಮೇಲೆ ಬಿಸಿಲು ತಾನಾಗಿ ಬೀಳುತ್ತಿತ್ತು. ಈಗ ನಮ್ಮದೆಲ್ಲ ಗಾಜಿನೊಳಗಿನ ಸಂಸಾರ. ಚರ್ಮದಲ್ಲಿ ಈ ಜೀವಸತ್ವವನ್ನು ಹುಟ್ಟಿಸುವ ನೇರಳಾತೀತ ಕಿರಣಗಳನ್ನು ಗಾಜು ತಡೆದುಬಿಡುತ್ತದೆ. ಬೆಳಕು ಬಂದರೂ ಫಲವಿಲ್ಲ. ಎಳೆಬಿಸಿಲಿನಲ್ಲಿಯೂ ಆ ಕಿರಣಗಳು ಕಡಮೆ. ನಮ್ಮ ನೆರಳು ನಮಗಿಂತ ಗಿಡ್ಡವಾದ ಹೊತ್ತಿನಲ್ಲಿಯೇ ಹೆಚ್ಚು.

ಇಷ್ಟು ತಿಳಿದದ್ದೇ ತಡ, ದಿನವೂ ಹನ್ನೊಂದು ಗಂಟೆಗೆ ಆಕೆಯನ್ನು ಬಿಸಿಲುಮಚ್ಚಿಗೆ ಅಟ್ಟಿದೆವು. “ಕತ್ತಲೆಕೋಣೆಯಲ್ಲಿ ಮಲಗಿ ಮಲಗಿ ನೋವು ತಂದುಕೊಂಡೆ” ಎಂದು ಗದರಿಸಿದ್ದೂ ಉಂಟು. ಮೂರನೆಯ ದಿನ ಆಕೆ ತಲೆ ಹಿಡಿದುಕೊಂಡು ಇಳಿದು ಬಂದು, ವಾಂತಿ ಮಾಡಿ ಮಲಗಿದಳು. ಸಂಜೆ ಎದ್ದು ಹೇಳಿದ್ದಿಷ್ಟೇ: “ಅಲ್ಲರೀ, ಕತ್ತಲೆಯಲ್ಲಿ ಮಲಗಿದ್ದಕ್ಕೆ ತಲೆ ನೋಯಲಿಲ್ಲ, ತಲೆ ನೋಯುತ್ತದೆಂದು ಕತ್ತಲೆಯಲ್ಲಿ ಮಲಗಿದೆ.”

ಈ ಗಂಟನ್ನು ಪಂಡಿತರೂ ಇನ್ನೂ ಬಿಡಿಸಿಲ್ಲ. ಅರೆತಲೆನೋವು ಬಂದಾಗ ಮುಖ, ತಲೆಗಳ ನರದ ತುದಿಗಳಿಂದ ಕೆಲವು ರಾಸಾಯನಿಕಗಳು ಹೊರಬಿದ್ದು, ಮೆದುಳಿನ ಹೊದಿಕೆಯಲ್ಲಿ ಒಂದು ಬಗೆಯ ಉರಿಯೂತವನ್ನೆಬ್ಬಿಸುತ್ತವೆಂದು ತಿಳಿಯಲಾಗಿದೆ. ಉರಿಯೂತವನ್ನು ಹದದಲ್ಲಿಡುವುದರಲ್ಲಿ ‘ಡಿ’ ಜೀವಸತ್ವಕ್ಕೂ ಪಾತ್ರವುಂಟು. ಕೆಲವು ಸಣ್ಣ ಪ್ರಯೋಗಗಳಲ್ಲಿ ಅದನ್ನು ಸೇವಿಸಿದವರಿಗೆ ನೋವಿನ ದಿನಗಳು ಕಡಮೆಯಾದವು. ಆದರೆ ಕೊರತೆಯೇ ನೋವಿನ ಮೂಲವೆಂದು ಸಿದ್ಧವಾಗಿಲ್ಲ. ನೋವಿದ್ದವರು ಬಿಸಿಲಿಗೆ ಹೆದರಿ ಒಳಗೆ ಕುಳಿತು ಕೊರತೆ ತಂದುಕೊಂಡಿರಲೂಬಹುದು.

ವೈದ್ಯರು 60,000 ಯೂನಿಟ್ಟಿನ ಪುಡಿಯನ್ನು ವಾರಕ್ಕೊಮ್ಮೆಯಂತೆ ಎಂಟು ವಾರ ಬರೆದುಕೊಟ್ಟರು. “ದಿನವೂ ಕೊಟ್ಟರೆ ಬೇಗ ಗುಣವಾಗದೆ?” ಎಂದೆವು ನಾವು. ಅತಿಯಾದರೆ ರಕ್ತದಲ್ಲಿ ಸುಣ್ಣದಂಶವೇರಿ ಮೂತ್ರಪಿಂಡವೇ ಕೆಟ್ಟೀತೆಂದು ಅವರು ಎಚ್ಚರಿಸಿದರು. ತಾವಾಗಿಯೇ ಪುಡಿ ತಂದು ನುಂಗುವ ಬಂಧುಗಳು ಇದನ್ನು ನೆನಪಿಡಬೇಕು.

ಕೊರತೆ ತುಂಬಿತು, ಎಲುಬಿಗೆ ಅದು ಬೇಕೇ ಇತ್ತು. ತಲೆನೋವು ಕೊಂಚ ವಿರಳವಾಗಿದೆ, ಹೋಗಿಲ್ಲ. ಅದು ಪುಡಿಯ ಗುಣವೋ, ನಮ್ಮ ಗದರಿಕೆ ನಿಂತ ಗುಣವೋ ಹೇಳಲಾರೆವು. ನೋವು ಬಂದ ದಿನ ಈಗ ಕಿಟಕಿಯ ಪರದೆಯನ್ನು ನಾವೇ ಎಳೆಯುತ್ತೇವೆ.