ವೀಣೆಯ ನಾದ ಬಯಸಿದ ವಕೀಲರು

ವಕೀಲಿ ವೃತ್ತಿಗೂ ರಾಜಕಾರಣಕ್ಕೂ ಇರುವ ನಂಟು ಬಹಳ ಹಳೆಯದು. ವಾದ ಮಾಡಿ ಹಣ ಗಳಿಸಿದವರುಂಟು, ಅಧಿಕಾರ ಗಳಿಸಿದವರುಂಟು. ತಾವು ಹಿಡಿದ ವಾದಕ್ಕಾಗಿ ಕೈಯಲ್ಲಿದ್ದುದನ್ನು ಪಣಕ್ಕೆ ಒಡ್ಡಿದವರು ಮಾತ್ರ ವಿರಳ. ಇಂಗ್ಲೆಂಡನ್ನು ಮೂರನೆಯ ಜಾರ್ಜ್ ದೊರೆ ಆಳುತ್ತಿದ್ದ ಕಾಲದಲ್ಲಿ ಟಾಮಸ್ ಅರ್ಸ್ಕಿನ್ ಎಂಬ ವಕೀಲನಿದ್ದ. ಪಾರ್ಲಿಮೆಂಟಿನ ಸದಸ್ಯ, ಯುವರಾಜನ ಅಟಾರ್ನಿ ಜನರಲ್. 1792ರಲ್ಲಿ, ಜನಸಾಮಾನ್ಯರ ಹಕ್ಕುಗಳ ಬಗ್ಗೆ ಪುಸ್ತಕ ಬರೆದು ರಾಜದ್ರೋಹದ ಆಪಾದನೆಗೆ ಗುರಿಯಾದ ಟಾಮಸ್ ಪೇನನ ಪರವಾಗಿ ಆತ ವಕಾಲತ್ತು ವಹಿಸಿದ. ಮೊಕದ್ದಮೆಯೂ ಸೋತಿತು, ಯುವರಾಜನ ಬಳಿ ಇದ್ದ ಹುದ್ದೆಯೂ ಹೋಯಿತು. ಆದರೂ ಅರ್ಸ್ಕಿನ್ನನ ಹೆಸರು ಇಂದಿಗೂ ಉಳಿದಿರುವುದು ಅಂಥ ವಾದಗಳಿಂದಲೇ.

ಇಂಗ್ಲಿಷರ ನ್ಯಾಯಶಾಸ್ತ್ರವನ್ನೇ ಓದಿ, ಅದೇ ಕರಿಕೋಟು ತೊಟ್ಟು, ಕೊನೆಗೆ ಇಂಗ್ಲಿಷರ ನೆರಳಿನಿಂದ ಹೊರಬರಬೇಕೆಂದು ವಾದಿಸಿದ ಅಂಥದೇ ಒಬ್ಬ ವಕೀಲರನ್ನು ಹಳೆಯ ಮೈಸೂರು ಸೀಮೆ ಕಂಡಿದೆ. ಅವರು ಕೆಂಗಲ್ ಹನುಮಂತಯ್ಯನವರು.

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರ ಫೆಬ್ರವರಿ 14ರಂದು ಅವರ ಜನನ. ಒಕ್ಕಲು ಮನೆತನ. ಹೆಸರಿನ ಮುಂದಿನ ‘ಕೆಂಗಲ್’ ಚನ್ನಪಟ್ಟಣದ ದಾರಿಯಲ್ಲಿರುವ ಆಂಜನೇಯ ಕ್ಷೇತ್ರದ್ದು. ಕೆಂಪು ಕಲ್ಲು ಎಂಬ ಅರ್ಥದ ಆ ಹೆಸರು, ಮುಂದೆ ಕಲ್ಲಿನಿಂದಲೇ ಕೀರ್ತಿ ಪಡೆದವರಿಗೆ ಒಪ್ಪಿಕೊಂಡದ್ದು ಕಾಕತಾಳೀಯ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ವ್ಯಾಸಂಗ, 1933ರಲ್ಲಿ ವಕೀಲಿ ವೃತ್ತಿ. ಆದರೆ ಕೋರ್ಟು ಅವರನ್ನು ಬಹುಕಾಲ ಹಿಡಿದಿಡಲಿಲ್ಲ. ಕಾಂಗ್ರೆಸ್ಸಿನ ಚಳವಳಿ ಕರೆಯಿತು. ಕಕ್ಷಿಗಾರರ ಪರವಾಗಿ ನ್ಯಾಯಾಧೀಶರ ಮುಂದೆ ನಿಲ್ಲಬೇಕಾದವರು ತಾವೇ ಹಲವು ಬಾರಿ ಸೆರೆಮನೆ ಕಂಡರು.

ಸ್ವಾತಂತ್ರ್ಯಾನಂತರ ಅವರು ಭಾರತದ ಸಂವಿಧಾನ ಸಭೆಯ ಸದಸ್ಯರಾದರು. ಅಲ್ಲಿ ವಕೀಲರಿಗೇನೂ ಕೊರತೆ ಇರಲಿಲ್ಲ. 1949ರ ನವೆಂಬರಿನಲ್ಲಿ, ಸಂವಿಧಾನ ಸಿದ್ಧವಾಗಿ ಎಲ್ಲರೂ ಮೆಚ್ಚಿಕೆಯ ಮಾತಾಡುತ್ತಿದ್ದಾಗ, ಹನುಮಂತಯ್ಯನವರು ಎದ್ದು ನಿಂತು ಒಂದು ಕೊರಗನ್ನು ತೋಡಿಕೊಂಡರು. ನಾವು ಬಯಸಿದ್ದು ವೀಣೆಯ ಅಥವಾ ಸಿತಾರಿನ ನಾದವನ್ನು. ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದನ್ನು ಎಂಬುದು ಅವರ ಮಾತಿನ ಸಾರ. ಸಂವಿಧಾನ ರಚಿಸಿದವರ ವಿದ್ಯಾಭ್ಯಾಸವೇ ಹಾಗಿತ್ತೆಂದು ಅವರು ಕಾರಣವನ್ನೂ ಹೇಳಿದರು. ಆ ವಿದ್ಯಾಭ್ಯಾಸ ತಮ್ಮದೂ ಆಗಿತ್ತೆಂಬುದು ಅವರಿಗೆ ತಿಳಿಯದ್ದಲ್ಲ. ಆದ್ದರಿಂದಲೇ ಆ ಮಾತಿಗೆ ತೂಕ.

1952ರ ಮಾರ್ಚಿನಲ್ಲಿ ಅವರು ಮೈಸೂರಿನ ಮುಖ್ಯಮಂತ್ರಿಗಳಾದರು. ಕುಮಾರವ್ಯಾಸ ಭಾರತವನ್ನು ಮೆಚ್ಚಿ ಓದಿಸಿ ಕೇಳುತ್ತಿದ್ದ ಈ ಮುಖ್ಯಮಂತ್ರಿಗೆ, ದೆಹಲಿಯಲ್ಲಿ ಕೇಳದೆ ಹೋದ ವೀಣೆಯನ್ನು ಬೆಂಗಳೂರಿನಲ್ಲಿ ನುಡಿಸುವ ಅವಕಾಶ ಒದಗಿತು. ಶಾಸನಸಭೆಯ ಹೊಸ ಕಟ್ಟಡಕ್ಕೆ ಕೆ. ಸಿ. ರೆಡ್ಡಿಯವರ ಕಾಲದಲ್ಲಿ, 1951ರ ಜುಲೈ 13ರಂದು, ನೆಹರೂ ಅವರು ಅಡಿಗಲ್ಲು ಹಾಕಿದ್ದರು. ಆಗಿನ ನಕ್ಷೆ ಸರಳವಾದುದು. ಈ ನಡುವೆ ರಷ್ಯಾದಿಂದ ಬಂದ ಅತಿಥಿಗಳು ಊರೆಲ್ಲ ಸುತ್ತಿ, ‘ಇವೆಲ್ಲ ಯೂರೋಪಿನ ಕಟ್ಟಡಗಳು, ನಿಮ್ಮದೆಂಬ ವಾಸ್ತುಶಿಲ್ಪವೇ ಇಲ್ಲವೆ?’ ಎಂದು ಕೇಳಿದರಂತೆ. ಪ್ರಶ್ನೆ ನಾಟಿತೆಂದು ಹೇಳುವುದುಂಟು. ಹಳೆಯ ನಕ್ಷೆ ಹೋಗಿ ಹೊಸದು ಬಂತು. ಮುಖ್ಯ ಎಂಜಿನಿಯರ್ ಬಿ. ಆರ್. ಮಾಣಿಕ್ಯಂ ಅವರ ಮೇಲ್ವಿಚಾರಣೆಯಲ್ಲಿ ಸಾವಿರಾರು ಮಂದಿ ದುಡಿದರು. ಅವರಲ್ಲಿ ಕೈದಿಗಳೂ ಇದ್ದರು. ಬೆಂಗಳೂರಿನ ಸುತ್ತಣ ಬಂಡೆಗಳ ಜೊತೆಗೆ ಮಾಗಡಿ, ತುರುವೇಕೆರೆಗಳ ಕಲ್ಲೂ ಬಂತು. 1868ರಲ್ಲಿ ಮುಗಿದ, ಕೆಂಪು ಬಣ್ಣದ ಅಠಾರಾ ಕಚೇರಿಯ ಎದುರಿಗೆ ಕಂಬ, ಕಮಾನು, ಗೋಪುರಗಳ ವಿಧಾನಸೌಧ ಎದ್ದು ನಿಂತಿತು. ಹಳೆಯ ಕಟ್ಟಡ ಒಂದು ವಾದವಾದರೆ ಹೊಸದು ಅದಕ್ಕೆ ಕಲ್ಲಿನಲ್ಲಿ ಕೊಟ್ಟ ಉತ್ತರ.

ಉತ್ತರ ಅಗ್ಗವಾಗಿರಲಿಲ್ಲ. ವೆಚ್ಚ ಸುಮಾರು 1 ಕೋಟಿ 80 ಲಕ್ಷ ರೂಪಾಯಿಗೆ ಏರಿತು. ಬಡ ದೇಶಕ್ಕೆ ಇಂಥ ವೈಭವ ಬೇಕೆ ಎಂಬ ಪ್ರಶ್ನೆ ಅನ್ಯಾಯದ್ದೇನೂ ಆಗಿರಲಿಲ್ಲ. ಶಾಲೆಯಿಲ್ಲದ, ಆಸ್ಪತ್ರೆಯಿಲ್ಲದ ಹಳ್ಳಿಗಳು ರಾಜಧಾನಿಯ ಬುಡದಲ್ಲೇ ಇದ್ದವು. ಪ್ರಜೆಯೇ ಪ್ರಭುವಾದ ಮೇಲೆ ಅವನ ಮನೆ ಅರಮನೆಗಿಂತ ಕಡಮೆಯಾಗಬಾರದೆಂಬ ನಿಲುವನ್ನು ಆ ಕಟ್ಟಡವೇ ಸಾರುತ್ತಿತ್ತು. ಎರಡೂ ಕಡೆ ಹುರುಳಿತ್ತು. ಹನುಮಂತಯ್ಯನವರದು ಒಮ್ಮೆ ಹಿಡಿದುದನ್ನು ಬಿಡದ ಸ್ವಭಾವ. ಆ ಹಟದಿಂದ ಸೌಧ ಎದ್ದಿತು, ವಿರೋಧಿಗಳೂ ಹೆಚ್ಚಿದರು.

ಆದರೆ ಅವರ ಬಾಳಿನ ಅತ್ಯಂತ ಕಠಿಣವಾದ ವಾದ ಕಟ್ಟಡದ್ದಲ್ಲ, ಕನ್ನಡ ನಾಡಿನದು. ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಕನ್ನಡಿಗರು ಹರಿದು ಹಂಚಿಹೋಗಿದ್ದರು. ಹೊರಗಿನ ಕನ್ನಡಿಗರು ಒಂದಾಗಬೇಕೆಂದು ಹಂಬಲಿಸುತ್ತಿದ್ದರೆ, ಮೈಸೂರಿನೊಳಗೆ ಹಲವರು ಹಿಂಜರಿದರು. ಹಿಂದುಳಿದ ಜಿಲ್ಲೆಗಳ ಭಾರ ನಮ್ಮ ಮೇಲೆ ಬೀಳುತ್ತದೆ ಎಂಬುದು ಬಾಯಲ್ಲಿ ಆಡಿದ ಮಾತು. ಅಧಿಕಾರ ನಮ್ಮವರ ಕೈಜಾರುತ್ತದೆ ಎಂಬುದು ಮನಸ್ಸಿನಲ್ಲಿದ್ದ ಅಳುಕು. ಹಾಗೆ ಅಳುಕಿದವರು ಹನುಮಂತಯ್ಯನವರ ಸೀಮೆಯವರೇ, ಅವರ ಜನವೇ, ಅವರ ಪಕ್ಷದವರೇ. ವಿಶಾಲ ರಾಜ್ಯದಲ್ಲಿ ತಮ್ಮ ಕುರ್ಚಿ ಉಳಿಯುವ ಭರವಸೆ ಮುಖ್ಯಮಂತ್ರಿಗೂ ಇರಲಿಲ್ಲ. ಆದರೂ ಅವರು ಏಕೀಕರಣದ ಪರ ನಿಂತರು. ವಿಧಾನಸಭೆಯಲ್ಲಿ ಅದರ ಪರವಾಗಿಯೇ ವಾದಿಸಿದರು.

1956ರ ಆಗಸ್ಟಿನಲ್ಲಿ, ಪಕ್ಷದೊಳಗಿನ ಭಿನ್ನಮತ ಬಲಿತು, ಅವರು ರಾಜೀನಾಮೆಯಿತ್ತರು. ಕಡಿದಾಳ್ ಮಂಜಪ್ಪನವರು ಕೆಲವು ವಾರ ಆಳಿದರು. ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಮುಖ್ಯಮಂತ್ರಿಯ ಪೀಠದಲ್ಲಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಇವರಿಬ್ಬರೂ ವಕೀಲರೇ. ವಿಧಾನಸೌಧ ಪೂರ್ಣಗೊಂಡದ್ದೂ ಅದೇ ವರ್ಷ. ಕಟ್ಟಿಸಿದವರಿಗೆ ಬಳುವಳಿಯಾಗಿ ಬಂದದ್ದು ಅದರ ವೆಚ್ಚದ ಬಗೆಗಿನ ವಿಚಾರಣೆ. ಪರರ ಪರ ವಾದಿಸಲು ಕಲಿತವರು ತಮ್ಮ ಪರ ತಾವೇ ವಾದಿಸಿಕೊಳ್ಳಬೇಕಾಯಿತು.

ಆಮೇಲಿನ ಬಾಳು ದೆಹಲಿಯದು. 1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಹೋದರು. 1967ರಿಂದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದರು. 1971–72ರಲ್ಲಿ ರೈಲ್ವೆ ಸಚಿವರಾದರು. 1977ರ ಚುನಾವಣೆಯಲ್ಲಿ ಅವರನ್ನು ಸೋಲಿಸಿದವರು, ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಸ್ಥಾನಕ್ಕೆ ರಾಜೀನಾಮೆಯಿತ್ತು ಬಂದಿದ್ದ ಕೆ. ಎಸ್. ಹೆಗ್ಡೆಯವರು. 1980ರ ಡಿಸೆಂಬರ್ 1ರಂದು ಹನುಮಂತಯ್ಯನವರು ತೀರಿಕೊಂಡರು.

ವಿಧಾನಸೌಧದ ಮುಂಭಾಗದಲ್ಲಿ ಅವರು ಕೆತ್ತಿಸಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಓದಿ ನಗುವವರಿದ್ದಾರೆ. ಕಡತಗಳ ಗತಿ ಕಂಡವರು ನಕ್ಕರೆ ತಪ್ಪೆನ್ನಲಾಗದು. ಆದರೆ ಬೊಮ್ಮಸಂದ್ರದ ಕಾರ್ಖಾನೆಯ ಕಾರ್ಮಿಕನೋ, ರಾಮನಗರದ ರೇಷ್ಮೆ ಬೆಳೆಗಾರನೋ, ಒಂದು ಕಾಲಕ್ಕೆ ಹೈದರಾಬಾದಿನ ಪ್ರಜೆಯಾಗಿದ್ದವನ ರಾಯಚೂರಿನ ಮೊಮ್ಮಗನೋ ಅರ್ಜಿ ಹಿಡಿದು ಆ ಮೆಟ್ಟಿಲ ಬಳಿ ಬಂದಾಗ, ತನ್ನ ಭಾಷೆಯಲ್ಲೇ ಮಾತಾಡಬಹುದು. ಒಳಗಿರುವವರನ್ನು ಆ ಬರಹದ ಅಳತೆಗೋಲಿನಿಂದಲೇ ಅಳೆಯಬಹುದು. ಅವರಿಗೆ ಆ ಹಕ್ಕು ದೊರಕಿದ್ದರಲ್ಲಿ ಲಕ್ಕಪ್ಪನಹಳ್ಳಿಯ ವಕೀಲರ ಪಾಲೂ ಇದೆ.