ಒಂದು ಬಾನೆಟ್ಟಿನ ಪಾಠ



ಕಳೆದ ವಾರ ಮೊಮ್ಮಗಳು ಅಟ್ಟದಿಂದ ಇಳಿಸಿಕೊಟ್ಟ ಹಳೆಯ ಕಾಗದಗಳ ಕಟ್ಟಿನ ನಡುವೆ ಒಂದು ವಸ್ತು ಸಿಕ್ಕಿತು. ಅಂಗೈಯಗಲದ, ಒಣಗಿದ ಬಾಳೆಪಟ್ಟೆಯಂತೆ ಸುರುಳಿಗೊಂಡ ಕಪ್ಪು ಪೊರೆ. "ಕಸ, ಎಸೆಯಲಾ ತಾತ?" ಎಂದಳು. ಬೇಡವೆಂದೆ. ಅದನ್ನು ನಾನು ಬೇಕೆಂದೇ ಇಟ್ಟುಕೊಂಡಿದ್ದೆ. ಅದರ ಕಥೆಯನ್ನು ನಿಮಗೆ ಹೇಳಬೇಕಾದ ಋಣವೂ ನನ್ನ ಮೇಲಿದೆ.

ನಾನು ನಿವೃತ್ತನಾದದ್ದು 2004ರಲ್ಲಿ. ಮೂರು ವರ್ಷಗಳ ಬಳಿಕ, 2007ರ ಜೂನ್ ತಿಂಗಳ ಒಂದು ಭಾನುವಾರ, ಹಲಸೂರಿನ ನಮ್ಮ ಮನೆಯ ಬಾಗಿಲಿಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ. 1984ರ ಮಾರ್ಚಿನಲ್ಲಿ ಎಸ್.ಎಸ್.ಎಲ್.ಸಿ. ಬರೆದ ತಂಡದವನು. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳು ಹೇಗೂ ಗುರುತಿಸುತ್ತಾರೆ. ನಮ್ಮ ಹಿತ್ತಲಿನಲ್ಲಿದ್ದ ಹಳೆಯ ದನದ ಕೊಟ್ಟಿಗೆಯನ್ನು ನಾಲ್ಕು ತಿಂಗಳ ಮಟ್ಟಿಗೆ ಬಾಡಿಗೆಗೆ ಕೇಳಿದ. ಯಾತಕ್ಕೆಂದರೆ, "ರೇಸಿಗೆ ಒಂದು ಕಾರು ಮಾಡ್ತಿದ್ದೀನಿ ಸಾರ್. ಅದರ ಮೈ ಫೈಬರಲ್ಲಿ ಮಾಡ್ಬೇಕು" ಎಂದ.

ಅವನನ್ನು ನೋಡಿ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಕಾರಣವನ್ನು ಮುಂದೆ ಹೇಳುತ್ತೇನೆ. ಬಾಡಿಗೆ ಬೇಡ, ಕೆಲಸ ನೋಡಲು ಬಿಡು ಸಾಕು ಎಂದೆ.

ಕಾರು ಬಹಳ ಹಳೆಯ ಮಾರುತಿ 800. ಶಿವಾಜಿನಗರದ ಗುಜರಿಯಿಂದ ಒಂದೊಂದೇ ಭಾಗ ತಂದು ಕೂಡಿಸಿದ್ದ. ರಸ್ತೆಯಲ್ಲಿ ಓಡಿಸುವುದಕ್ಕಲ್ಲ, ಲಾರಿಯ ಮೇಲೇರಿಸಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟೆಯ ಓಟದ ಪಥಕ್ಕೆ ಒಯ್ದು ಅಲ್ಲಿ ಓಡಿಸುವುದಕ್ಕೆ. 796 ಸಿ.ಸಿ.ಯ ಪುಟ್ಟ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಲು ದುಡ್ಡು ಬೇಕು. ತೂಕ ಇಳಿಸಲು ಕೈಕೆಲಸ ಸಾಕು. ಉಕ್ಕು ನೀರಿಗಿಂತ ಸುಮಾರು ಎಂಟು ಪಟ್ಟು ತೂಕ, ಗಾಜಿನ ನಾರು ಮತ್ತು ರೆಸಿನ್ ಸೇರಿದ ಹಾಳೆ ಸುಮಾರು ಒಂದೂವರೆ ಪಟ್ಟು. ಅದು ಉಕ್ಕಿನಷ್ಟು ಬಿಗಿಯಲ್ಲವಾದ್ದರಿಂದ ಹೆಚ್ಚು ದಪ್ಪ ಮಾಡಬೇಕು, ಆದರೂ ಲಾಭವೇ. ಈ ಲೆಕ್ಕವನ್ನು ಅವನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಪರೀಕ್ಷೆಯಲ್ಲಿ ಸಾಪೇಕ್ಷ ಸಾಂದ್ರತೆಯ ಪ್ರಶ್ನೆಯನ್ನು ಬಿಟ್ಟುಬಂದಿದ್ದ ಹುಡುಗ!

ಎಲ್ಲಿ ಕಲಿತೆ ಎಂದು ಕೇಳಿದೆ. ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಸಿಪಾನಿಯವರ ಡಾಲ್ಫಿನ್ ಕಾರು ನಿಮಗೆ ನೆನಪಿರಬಹುದು. ಅದಕ್ಕೂ ಮೊದಲು ಮೂರು ಚಕ್ರದ ಬಾದಲ್ ಬಂದಿತ್ತು. ಎರಡರ ಮೈಯೂ ಫೈಬರ್ ಗ್ಲಾಸಿನದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸದ ಡಾಲ್ಫಿನ್ 1982ರ ಸುಮಾರಿಗೆ ಬಂತು. ಎಂಜಿನ್ 848 ಸಿ.ಸಿ. ಪೇಟೆಯಲ್ಲಿ ಅದು ಮಾರುತಿಯ ಮುಂದೆ ನಿಲ್ಲಲಿಲ್ಲ. ಆದರೆ ಮೈ ಹಗುರವಾಗಿದ್ದರಿಂದ ರ‍್ಯಾಲಿ ಮತ್ತು ರೇಸಿನವರಿಗೆ ಅದು ಅಚ್ಚುಮೆಚ್ಚಾಗಿತ್ತು. ಅದರ ಮೈ ಬಿರುಕುಬಿಟ್ಟರೆ ತಗಡು ಬಡಿಯುವ ಟಿಂಕರ್‌ಗಳ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ಅಂಥ ಬಿರುಕುಗಳನ್ನು ಬೆಸೆಯುವ ಒಂದು ಸಣ್ಣ ಶೆಡ್ಡಿನಲ್ಲಿ ಈ ಹುಡುಗ ಹದಿನಾರನೆಯ ವಯಸ್ಸಿಗೇ ಸೇರಿಕೊಂಡಿದ್ದ. ಅವನ ಆದರ್ಶ ಕೊಯಮತ್ತೂರಿನ ಕರಿವರ್ಧನ್. ಮಾರುತಿ ಎಂಜಿನ್ನನ್ನೇ ಇಟ್ಟು 1988ರಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ರೇಸ್ ಕಾರನ್ನು ರೂಪಿಸಿದವರು ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇದು ಆಟಿಕೆಯ ವಿದ್ಯೆಯೇನೂ ಅಲ್ಲ. ನಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಎನ್.ಎ.ಎಲ್. ಸಂಸ್ಥೆಯವರು ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ಹಂಸ ವಿಮಾನದ ಮೈಗೂ ಗಾಜಿನ ನಾರೇ ಆಧಾರ.

ಕೆಲಸದ ಕ್ರಮ ಹೀಗೆ. ಮೊದಲು ಮೂಲ ಬಾನೆಟ್ಟನ್ನು ಮೇಜಿನ ಮೇಲಿಟ್ಟು, ಬಿಸಿಗಾಳಿ ಹೊರಹೋಗುವ ಕಂಡಿಗಳ ಆಕಾರವನ್ನು ಅದರ ಮೇಲೆ ಪುಟ್ಟಿಯಲ್ಲಿ ಕಟ್ಟಿ, ನೀರಿನಲ್ಲಿ ನೆನೆಸಿದ ಉಪ್ಪುಕಾಗದದಿಂದ ಕನ್ನಡಿಯಂತೆ ತಿಕ್ಕಬೇಕು. ಆಮೇಲೆ ಆರೇಳು ಸಲ ಮೇಣ ಹಚ್ಚಿ ಒರೆಸಬೇಕು. ಅದರ ಮೇಲೆ ಜೆಲ್ ಕೋಟ್ ಎಂಬ ದಪ್ಪ ಬಣ್ಣದ ಪದರ; ಅದು ಹದಕ್ಕೆ ಬಂದ ಮೇಲೆ ಗಾಜಿನ ನಾರಿನ ಮ್ಯಾಟನ್ನು ಹಾಸಿ, ರೆಸಿನ್ ಉಣಿಸಿ, ರೋಲರಿನಿಂದ ಗಾಳಿಗುಳ್ಳೆಗಳನ್ನು ಒತ್ತಿ ತೆಗೆಯಬೇಕು. ಗಟ್ಟಿಯಾದ ಬಳಿಕ ಬಿಡಿಸಿದರೆ ಸಿಗುವುದು ಬಾನೆಟ್ಟಲ್ಲ, ಅದರ ಅಚ್ಚು. ಅಚ್ಚಿನೊಳಗೆ ಇದೇ ಕ್ರಮವನ್ನು ಮತ್ತೊಮ್ಮೆ ನಡೆಸಿದರೆ ಬಾನೆಟ್ಟು. "ಅಚ್ಚಲ್ಲಿ ಒಂದು ಗೀರಿದ್ರೆ ಅದರಿಂದ ಬರೋ ಎಲ್ಲದರಲ್ಲೂ ಆ ಗೀರು ಇರುತ್ತೆ ಸಾರ್" ಎಂದು ಅವನು ಮೊದಲ ದಿನವೇ ಹೇಳಿದ್ದ.

ರೆಸಿನ್ ಗಟ್ಟಿಯಾಗಲು ಅದಕ್ಕೆ ಕೋಬಾಲ್ಟಿನ ಆಕ್ಸಿಲರೇಟರನ್ನು ಮೊದಲೇ ಕಲಸಿಟ್ಟು, ಬಳಸುವ ಹೊತ್ತಿಗೆ ನೂರಕ್ಕೆ ಒಂದೆರಡು ಪಾಲು ಹಾರ್ಡನರ್ ಬೆರೆಸುತ್ತಾರೆ. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿಯೇ ಹತ್ತಬಹುದು. ಆದ್ದರಿಂದ ಅವನು ಒಂದನ್ನು ಕೊಟ್ಟಿಗೆಯ ಈ ಮೂಲೆಯಲ್ಲೂ ಇನ್ನೊಂದನ್ನು ಆ ಮೂಲೆಯಲ್ಲೂ ಇಡುತ್ತಿದ್ದ. ಕೈಗವಸು, ಮುಖವಾಡ ಹಾಕದೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಸ್ಟೈರೀನಿನ ವಾಸನೆ ಅಡುಗೆಮನೆಯವರೆಗೆ ಬಂದು, ಒಗ್ಗರಣೆಯ ಇಂಗಿನ ಘಮವೂ ಅದರ ಮುಂದೆ ಸೋತಿತು. ನನ್ನ ಶ್ರೀಮತಿ ಮೂಗಿಗೆ ಸೆರಗು ಹಿಡಿದು ಕಾಫಿ ತಂದಿಡುತ್ತಿದ್ದಳು.

ಆಗಸ್ಟಿನ ಒಂದು ಭಾನುವಾರ, ಜಡಿಮಳೆ. ಬೆಳಿಗ್ಗೆ ಅವನು ಬಾನೆಟ್ಟಿನ ಮೇಲೆ ಕಪ್ಪು ಜೆಲ್ ಕೋಟ್ ಬಳಿದು, "ಮ್ಯಾಟ್ ತರ್ತೀನಿ ಸಾರ್, ಹಾಗೇ ಬಿಟ್ಟಿರಿ" ಎಂದು ಹೋದ. ಎರಡು ಗಂಟೆಯಾದರೂ ಬರಲಿಲ್ಲ. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಅಂಟು ಇನ್ನೂ ಹೋಗಿರಲಿಲ್ಲ. ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎಚ್ಚೆತ್ತರು. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂದು ಮೂವತ್ತು ವರ್ಷ ಪಾಠ ಹೇಳಿದವನಲ್ಲವೇ? ಮನೆಯಲ್ಲಿದ್ದ 200 ವ್ಯಾಟಿನ ಎರಡು ಬಲ್ಬುಗಳನ್ನು ಬಾನೆಟ್ಟಿಗೆ ಗೇಣು ದೂರದಲ್ಲಿ ತೂಗುಹಾಕಿದೆ. ಅವನು ಬಂದಾಗ ಸಿದ್ಧವಾಗಿರಲಿ, ಶಹಭಾಸ್ ಎನ್ನಲಿ ಎಂಬ ಆಸೆ.

ಅರ್ಧ ಗಂಟೆಯಲ್ಲಿ ಜೆಲ್ ಕೋಟ್ ಬಲ್ಬಿನ ಕೆಳಗೆ ಕುಗ್ಗಿ, ಮೇಣದಿಂದ ಎದ್ದು, ಕುದಿಸಿದ ಹಾಲಿನ ಕೆನೆಯಂತೆ ನಿರಿಗೆಗಟ್ಟಿತು. ಬಲ್ಬಿನ ಶಾಖ ತಾಗದ ಕಡೆ ಅಂಟಿಕೊಂಡೇ ಇತ್ತು. ಅದನ್ನು ಕೆರೆದು ತೆಗೆಯುವಾಗ ಪುಟ್ಟಿಯ ಅಂಚುಗಳೂ ಕಿತ್ತುಬಂದವು. ಅವನ ಐದು ಭಾನುವಾರಗಳ ಕೆಲಸ ಹೋಯಿತು. ಮುಂದಿನ ತಿಂಗಳು ಇರುಂಗಾಟ್ಟುಕೋಟೆಗೆ ಹೋಗಲು ದಿನ ಗೊತ್ತುಮಾಡಿಕೊಂಡಿದ್ದ, ಅದೂ ತಪ್ಪಿತು.

ಅವನು ಕೂಗಾಡಲಿಲ್ಲ. ಬಾನೆಟ್ಟಿನ ಸುತ್ತ ಒಂದು ಸುತ್ತು ಬಂದ. ಎದ್ದಿದ್ದ ಪೊರೆಯ ಒಂದು ತುಂಡನ್ನು ಕಿತ್ತು ನನ್ನ ಕೈಗಿಟ್ಟು, "ಯಾಕೆ ದೀಪ ಹಾಕಿದ್ರಿ ಸಾರ್?" ಎಂದು ಕೇಳಿದ. ಗದರಿಕೆಯಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವನಿಗೆ. ಅಂಟು ಹೋಗಿರಲಿಲ್ಲ, ಅದಕ್ಕೆ ಎಂದೆ. "ಅದು ಹೋಗೋದಿಲ್ಲ ಸಾರ್. ಗಾಳಿ ತಾಗೋ ಮೈ ಅಂಟಂಟಾಗೇ ಇರುತ್ತೆ. ಮೇಲಿನ ಪದರ ಹಿಡ್ಕೊಳ್ಳೋಕೆ ಅದು ಬೇಕು. ಮುಟ್ಟಿದ್ರೆ ಬೆರಳಿಗೆ ಬಣ್ಣ ಬರ್ಲಿಲ್ಲ ಅಂದ್ರೆ ಹದ ಆಗಿದೆ ಅಂತ." ಗಾಳಿಯ ಆಮ್ಲಜನಕ ಆ ಕ್ರಿಯೆಯನ್ನು ಮೇಲ್ಮೈಯಲ್ಲಿ ತಡೆಯುತ್ತದೆಂಬುದನ್ನು ಅರವತ್ತೊಂದನೆಯ ವಯಸ್ಸಿನಲ್ಲಿ ಕಲಿತೆ. "ಮುಂದಿನ ಸಲ ಜೆಲ್ ಕೋಟ್ ನೀವೇ ಬಳೀಬೇಕು" ಎಂದ.

ಆ ಪೊರೆಯನ್ನು ಹಿಡಿದು ನಿಂತಾಗ, ಮೊದಲ ದಿನದಿಂದ ಗಂಟಲಲ್ಲಿದ್ದ ಮಾತು ಹೊರಬಂತು. "ಅವತ್ತು ಕಿಪ್ ಉಪಕರಣ ಹೇಗಪ್ಪಾ ಒಡೀತು?"

1983ರ ಡಿಸೆಂಬರಿನಲ್ಲಿ ಶಾಲೆಯ ಪ್ರಯೋಗಾಲಯದಲ್ಲಿದ್ದ ಒಂದೇ ಒಂದು ಕಿಪ್ ಉಪಕರಣ ಅವನ ಕೈಯಲ್ಲಿ ಒಡೆದಿತ್ತು. ನಾನು ಬೆತ್ತದಿಂದ ಹೊಡೆದು, ವರ್ಷ ಮುಗಿಯುವವರೆಗೆ ಅವನನ್ನು ಪ್ರಯೋಗಾಲಯದ ಹೊರಗೆ ನಿಲ್ಲಿಸಿದ್ದೆ. ವಿಜ್ಞಾನದಲ್ಲಿ ಅವನು ಅನುತ್ತೀರ್ಣನಾದ. ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಹೇಗೆ ಒಡೆಯಿತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ತೊಳೆದಿಟ್ಟಿದ್ರು ಸಾರ್. ಅದರ ನಲ್ಲಿ ಬಿಗಿಯಾಗಿ ಹಿಡ್ಕೊಂಡಿತ್ತು. ಮಾರನೆ ದಿನ ನಿಮಗೆ ಪ್ರಯೋಗ ಇತ್ತು. ಬಿಸಿ ಮಾಡಿದ್ರೆ ಬಿಡುತ್ತೆ ಅಂತ ಸ್ಪಿರಿಟ್ ದೀಪ ಹಿಡಿದೆ. ಹತ್ತಿರ ಜಾಸ್ತಿ ಆಯ್ತು."

ಮಳೆ ಕೊಟ್ಟಿಗೆಯ ಶೀಟಿನ ಮೇಲೆ ಬೀಳುತ್ತಲೇ ಇತ್ತು. ನಾನು ತಪ್ಪಾಯಿತೆಂದು ಹೇಳಿದೆ. "ಬಿಡಿ ಸಾರ್" ಎಂದು ಅವನು ಅಸಿಟೋನ್ ಡಬ್ಬಿಯನ್ನು ಹುಡುಕತೊಡಗಿದ. ಕ್ಷಮಿಸಿದನೋ, ಮಾತು ಬೇಡವೆಂದನೋ, ಈಗಲೂ ನನಗೆ ಗೊತ್ತಿಲ್ಲ.

ಎರಡನೆಯ ಜೆಲ್ ಕೋಟನ್ನು ಸೆಪ್ಟೆಂಬರಿನಲ್ಲಿ ನಾನೇ ಬಳಿದೆ. ಆ ಅಚ್ಚಿನಿಂದ ಬಂದ ಬಾನೆಟ್ಟನ್ನೂ ಹಳೆಯದನ್ನೂ ಗುಜರಿಯವನ ತಕ್ಕಡಿಯಲ್ಲಿ ತೂಗಿದೆವು. ಹೊಸದು ಅರ್ಧಕ್ಕಿಂತಲೂ ಕಡಿಮೆ ತೂಗಿತು. ಗಾಳಿಗೆ ಎದ್ದುಹೋಗದಂತೆ ನಾಲ್ಕು ಮೂಲೆಗೂ ಪಿನ್ನು ಹಾಕಿದ. ಆ ಚಳಿಗಾಲದಲ್ಲಿ ಇರುಂಗಾಟ್ಟುಕೋಟೆಯಿಂದ ಫೋನು ಮಾಡಿ, "ಬಾನೆಟ್ ಅಲ್ಲಾಡ್ಲಿಲ್ಲ ಸಾರ್" ಎಂದಷ್ಟೇ ಹೇಳಿದ. ಎಷ್ಟನೆಯವನಾಗಿ ಬಂದೆ ಎಂದು ನಾನು ಕೇಳಲಿಲ್ಲ.

ಅಂದು ಅವನ ಸಹಪಾಠಿಗಳೆಲ್ಲ ನಾನು ಹೊಡೆದದ್ದನ್ನು ನೋಡಿದ್ದರು. ಅವನು ಉಪಕಾರ ಮಾಡಹೊರಟಿದ್ದನೆಂಬುದು ಅವರಿಗೆ ತಿಳಿದಿರಲಾರದು. ಎಲ್ಲರೆದುರು ಮಾಡಿದ ತಪ್ಪನ್ನು ಕೊಟ್ಟಿಗೆಯಲ್ಲಿ ಒಬ್ಬನೆದುರು ಒಪ್ಪಿಕೊಂಡರೆ ಸಾಲದು; ಅದಕ್ಕೇ ಇದನ್ನು ಬರೆದೆ. ನಿಮ್ಮಲ್ಲಿ ಅನೇಕರು ಇಂದು ಮೇಷ್ಟ್ರುಗಳಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ನನ್ನ ಅಚ್ಚಿನಲ್ಲಿದ್ದ ಆ ಗೀರು ನಿಮ್ಮಲ್ಲಿ ಯಾರಲ್ಲಾದರೂ ಉಳಿದಿದ್ದರೆ ತಿಕ್ಕಿ ತೆಗೆಯಿರಿ. ಹಾಗೆಯೇ, ನಾನು ಕಾರಣ ಕೇಳದೆ ಶಿಕ್ಷಿಸಿದವರು ಇನ್ನೂ ಇದ್ದರೆ ಹಲಸೂರಿಗೆ ಬನ್ನಿ. ಈಗಲಾದರೂ ಕೇಳುತ್ತೇನೆ.